ಕಾಮಸ್ ಗೆಡ್ಡೆಯ ಬಯಲಿನಿಂದ

ಲೂಯಿಸ್ಟನ್, ಐಡಹೊ
ಜೂನ್ 6

ಪ್ರೀತಿಯ ಅಮ್ಮನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಕಡಿಮೆಯಾಯಿತಾ?

ಹೋದ ಭಾನುವಾರ ವೀಐಪ್ ಅನ್ನೋ ಬಯಲಿಗೆ ಹೋಗಿದ್ದೆವು. ಈಗ ಅಲ್ಲಿ ಕಾಮಸ್ ಗಿಡ ಹೂ ಬಿಡುವ ಕಾಲ. ತೇವದ ಹುಲ್ಲಿನ ನಡುವೆ ಮೊಣಕಾಲೆತ್ತರದ ದಂಟು, ಅದರ ತುಂಬ ಆರು ಎಸಳಿನ ನೀಲಿ ಹೂ. ದೂರದಿಂದ ನೋಡಿದರೆ ತಿಳಿನೀರಿನ ಕೆರೆ ಅನ್ನಿಸುತ್ತದೆ ಅಂತ, ಅಮೆರಿಕ ಸರ್ಕಾರ ಪಶ್ಚಿಮದ ಸೀಮೆ ನೋಡಿ ಬರಲು ಕಳಿಸಿದ್ದ ಮೆರಿವೆದರ್ ಲೂಯಿಸ್ 1806ರಲ್ಲೇ ಬರೆದಿದ್ದ. ನಿಜ ಅಮ್ಮ, ಹಾಗೇ ಇದೆ.

ಅದರ ಹಿಂದಿನ ವರ್ಷ ಲೂಯಿಸ್ ಮತ್ತು ಅವನ ಜೊತೆಗಾರ ಕ್ಲಾರ್ಕ್ ಅವರ ತಂಡ ಬೆಟ್ಟ ದಾಟಿ ಇಲ್ಲಿಗೆ ಬಂದಾಗ ಹಸಿವಿನಿಂದ ಸೋತುಹೋಗಿತ್ತು. ದಾರಿಯಲ್ಲಿ ಕುದುರೆಮರಿಗಳನ್ನೂ ಕೊಂದು ತಿಂದಿದ್ದರು. ಅವರಿಗೆ ಊಟ ಹಾಕಿದ್ದು ಇಲ್ಲಿನ ಮೂಲನಿವಾಸಿಗಳಾದ ನೆಜ್ ಪರ್ಸ್ ಜನ. ಒಣಗಿಸಿದ ಸಾಲ್ಮನ್ ಮೀನು, ಕಾಮಸ್ ಗೆಡ್ಡೆ ಕೊಟ್ಟರು. ಹಸಿದವರು ಒಂದೇ ಸಲ ಜಾಸ್ತಿ ತಿಂದು ಹೊಟ್ಟೆ ಕೆಡಿಸಿಕೊಂಡರು.

ಅಡುಗೆ ಹೇಗೆ ಅಂತ ನೀನು ಕೇಳೇ ಕೇಳ್ತೀಯ. ಗೆಡ್ಡೆ ಸಣ್ಣ ಈರುಳ್ಳಿಯ ಹಾಗಿರುತ್ತದೆ. ನೆಲದಲ್ಲಿ ಗುಂಡಿ ತೋಡಿ, ಕಲ್ಲುಗಳನ್ನು ಕೆಂಪಗೆ ಕಾಯಿಸಿ, ಮೇಲೆ ಹಸಿ ಹುಲ್ಲು ಹಾಸಿ ಗೆಡ್ಡೆ ಸುರಿಯುತ್ತಾರೆ. ಮತ್ತೆ ಹುಲ್ಲು, ಮಣ್ಣು, ಅದರ ಮೇಲೆ ಬೆಂಕಿ. ಒಂದೆರಡು ದಿನ ಹಾಗೇ ಬೇಯಬೇಕು. ಹಸಿ ಗೆಡ್ಡೆಯಲ್ಲಿ ಇನ್ಯುಲಿನ್ ಅಂತ ಒಂದು ಪದಾರ್ಥ ಇದೆ, ಅದು ನಮಗೆ ಜೀರ್ಣವಾಗೋದಿಲ್ಲ. ನಿಧಾನಕ್ಕೆ ಬೆಂದಾಗ ಅದೇ ಒಡೆದು ಸಕ್ಕರೆಯಾಗುತ್ತದೆ. ಗೆಡ್ಡೆ ಕಪ್ಪಾಗಿ ಸಿಹಿಯಾಗುತ್ತದೆ.

ಇನ್ನೊಂದು ಅಪಾಯ ಉಂಟು. ಅದೇ ಬಯಲಲ್ಲಿ ವಿಷದ ಗೆಡ್ಡೆಯೂ ಬೆಳೆಯುತ್ತದೆ. ಹೂ ಇಲ್ಲದಾಗ ಎರಡನ್ನೂ ಬೇರೆ ಮಾಡೋದು ಕಷ್ಟ. ವಿಷದ್ದರ ಹೂ ಕೆನೆಬಿಳಿ. ನೆಜ್ ಪರ್ಸ್ ಹೆಂಗಸರು ಹೂವಿನ ಕಾಲದಲ್ಲೇ ನೋಡಿಕೊಂಡು ಬಿಳಿಯದನ್ನು ಕಿತ್ತೆಸೆಯುತ್ತಿದ್ದರು. ಗೆಡ್ಡೆ ಅಗೆಯಲು ಕೋಲು, ಚಿಕ್ಕವನ್ನು ವಾಪಸ್ ನೆಲಕ್ಕೆ.

ಲೂಯಿಸ್ ಕಾಮಸ್ ಗಿಡದ ಬಗ್ಗೆ, ಅದನ್ನು ಬೇಯಿಸುವ ಬಗ್ಗೆ ದಿನಚರಿಯಲ್ಲಿ ಉದ್ದಕ್ಕೆ ಬರೆದಿಟ್ಟ, ಗಿಡವನ್ನೂ ಒಣಗಿಸಿ ಒಯ್ದ. ಒಳ್ಳೆಯ ಕೆಲಸವೇ. ಆದರೆ ಎಷ್ಟೋ ತಲೆಮಾರುಗಳ ಈ ವಿದ್ಯೆಯನ್ನು ಅವನು 'ಕಂಡುಹಿಡಿದ' ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಮುಂದೆ ವಲಸಿಗರು ಇಂಥ ಬಯಲುಗಳನ್ನು ಉತ್ತರು, ಹಂದಿ ಬಿಟ್ಟರು. ದಕ್ಷಿಣ ಐಡಹೊದ ಕಾಮಸ್ ಬಯಲಿನಲ್ಲಿ ಹಂದಿಗಳು ಗೆಡ್ಡೆ ಕಿತ್ತು ತಿಂದದ್ದು ಅಲ್ಲಿನ ಬ್ಯಾನಕ್ ಮೂಲನಿವಾಸಿಗಳಿಗೂ ಅಮೆರಿಕದ ಸೇನೆಗೂ ನಡೆದ 1878ರ ಬ್ಯಾನಕ್ ಯುದ್ಧಕ್ಕೆ ಒಂದು ಕಾರಣವಾಯಿತು. ಊಟದ ತಟ್ಟೆಯನ್ನೇ ಕಿತ್ತುಕೊಂಡ ಹಾಗೆ, ಅಲ್ವಾ?

ವೀಐಪ್‌ನ ಒಂದಷ್ಟು ಜಾಗ ಈಗ ನೆಜ್ ಪರ್ಸ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನದಲ್ಲಿದೆ. ಮುಂದಿನ ಸಲ ನೀನು, ಅಪ್ಪ ಮೇ ಕೊನೆಗೇ ಬನ್ನಿ. ಜುಲೈಗೆ ಬಂದರೆ ಹೂ ಸಿಗೋದಿಲ್ಲ. ಟಿಕೆಟ್ ನಾನೇ ಮಾಡಿಸ್ತೀನಿ.

ನಿನ್ನ ಮಗಳು