ಗುಣಮುಖರಾದ ಮೇಲೆ ಮತ್ತೆ ಪಾಸಿಟಿವ್: ಈ ಪರೀಕ್ಷೆ ಮಾಡಿಸಿದ್ದೇ ಯಾಕೆ?

ಮಾನ್ಯ ಸಂಪಾದಕರೇ,

ಕೊರೊನಾದಿಂದ ಗುಣಮುಖರಾಗಿ ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ಮತ್ತೆ ಪಾಸಿಟಿವ್ ಎಂಬ ಸುದ್ದಿ ಬಂದಾಗಲೆಲ್ಲ, ಸೋಂಕು ಮರುಕಳಿಸಿತು ಎಂದೇ ಜನ ಹೆದರುತ್ತಾರೆ. ವಾರಗಳ ಅಂತರದಲ್ಲಿ ಹೀಗಾದರೆ ಬಹುಪಾಲು ಅದು ಹೊಸ ಸೋಂಕಲ್ಲ. ಮೂಗು-ಗಂಟಲಿನ ಮಾದರಿಯ ಆರ್‌ಟಿ-ಪಿಸಿಆರ್ ಪರೀಕ್ಷೆ ಹುಡುಕುವುದು ವೈರಸ್ಸಿನ ಆರ್‌ಎನ್‌ಎ (ಆನುವಂಶಿಕ ವಸ್ತು) ತುಣುಕನ್ನು. ಆ ವೈರಸ್ ಬದುಕಿದೆಯೋ ಸತ್ತಿದೆಯೋ ಎಂಬುದು ಯಂತ್ರಕ್ಕೆ ತಿಳಿಯದು. ಶ್ವಾಸನಾಳದ ಒಳಪದರದ ಹಳೆಯ ಜೀವಕೋಶಗಳು ಉದುರುವಾಗ ಈ ಚೂರುಗಳೂ ಹೊರಬರುತ್ತವೆ, ಕೆಲವರಲ್ಲಿ ಮೂರು ತಿಂಗಳವರೆಗೂ.

ಹಾಗಾದರೆ ಕೆಲವರಿಗೆ ನಡುವೆ ಒಮ್ಮೆ ನೆಗೆಟಿವ್ ಬಂದು, ಮತ್ತೆ ಪಾಸಿಟಿವ್ ಬರುವುದು ಹೇಗೆ? ಸ್ವ್ಯಾಬ್ ಕಡ್ಡಿಯನ್ನು ಮೂಗಿನ ಹಿಂತುದಿಯವರೆಗೆ ತೂರಿಸಿ, ತಿರುಗಿಸಿ, ಕೆಲವು ಸೆಕೆಂಡು ಅಲ್ಲೇ ಹಿಡಿಯಬೇಕು. ಹೊಳ್ಳೆಯಲ್ಲೇ ಆಡಿಸಿ ತೆಗೆದರೆ ಮಾದರಿ ಸಾಲದು. ಮಾದರಿಯನ್ನು ಕಾಪಾಡುವ ದ್ರವವಿರುವ ವಿಟಿಎಂ ಟ್ಯೂಬನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಸಾಗಿಸದಿದ್ದರೆ ಆರ್‌ಎನ್‌ಎ ಹಾಳಾಗುತ್ತದೆ. ಇನ್ನು ಗಡಿಯ ಪ್ರಶ್ನೆ. ಯಂತ್ರ ಪ್ರತಿ ಆವರ್ತನೆಯಲ್ಲೂ ವೈರಸ್ಸಿನ ಚೂರುಗಳನ್ನು ದುಪ್ಪಟ್ಟು ಮಾಡುತ್ತ ಹೋಗುತ್ತದೆ; ಎಷ್ಟನೇ ಆವರ್ತನೆಗೆ ಅವು ಪತ್ತೆಯಾದವು ಎಂಬುದೇ ಸಿಟಿ ಮೌಲ್ಯ. ಅದು 35 ದಾಟಿದರೆ ನೆಗೆಟಿವ್ ಎಂದಿಟ್ಟುಕೊಂಡರೆ, ಇವತ್ತು 36, ನಾಳೆ 34 ಬರುವುದು ಸಾಮಾನ್ಯ. ಎರಡು ಆವರ್ತನೆಯ ಈ ಅಂತರವೆಂದರೆ ಆರ್‌ಎನ್‌ಎ ಪ್ರಮಾಣದಲ್ಲಿ ಸುಮಾರು ನಾಲ್ಕು ಪಟ್ಟು ವ್ಯತ್ಯಾಸ ಅಷ್ಟೆ; ಮಾದರಿ ತೆಗೆಯುವವರ ಕೈ ಬದಲಾದರೂ ಸಾಕು.

ದಕ್ಷಿಣ ಕೊರಿಯಾ ಇದನ್ನು 2020ರಲ್ಲೇ ಪರಿಶೀಲಿಸಿತ್ತು. ಮತ್ತೆ ಪಾಸಿಟಿವ್ ಬಂದ 285 ಮಂದಿಯ 790 ಸಂಪರ್ಕಿತರನ್ನು ಪತ್ತೆಹಚ್ಚಿ ನೋಡಿದಾಗ, ಇವರಿಂದಲೇ ಸೋಂಕು ತಗುಲಿದೆ ಎನ್ನಬಹುದಾದ ಒಬ್ಬರೂ ಸಿಗಲಿಲ್ಲ. 108 ಮಂದಿಯ ಮಾದರಿಗಳಿಂದ ವೈರಸ್ ಬೆಳೆಸಲು ಯತ್ನಿಸಿದರೆ ಒಂದರಲ್ಲೂ ಬೆಳೆಯಲಿಲ್ಲ. ಇಂಥವರನ್ನು ಮತ್ತೆ ಪ್ರತ್ಯೇಕವಾಗಿಡುವ ಕ್ರಮವನ್ನೇ ಆ ದೇಶ ಮೇ ತಿಂಗಳಲ್ಲಿ ಕೈಬಿಟ್ಟಿತು.

ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ 2020ರ ಮೇ 8ರ ನೀತಿಯಲ್ಲಿ, ಸೌಮ್ಯ ಲಕ್ಷಣದವರನ್ನು ಹತ್ತು ದಿನವಾಗಿ, ಮೂರು ದಿನ ಜ್ವರವಿಲ್ಲದಿದ್ದರೆ ಪರೀಕ್ಷೆಯಿಲ್ಲದೆ ಬಿಡುಗಡೆ ಮಾಡಬಹುದೆಂದಿತು. ಬಿಡುಗಡೆಗೆ ನೆಗೆಟಿವ್ ವರದಿ ಕಡ್ಡಾಯವಾಗಿದ್ದದ್ದು ತೀವ್ರವಾಗಿ ಬಳಲಿದವರಿಗೆ ಮಾತ್ರ. ಆದರೂ ಕಾರ್ಖಾನೆಗಳು, ಅಪಾರ್ಟ್‌ಮೆಂಟ್ ಸಂಘಗಳು ನೆಗೆಟಿವ್ ವರದಿ ತಂದರೆ ಮಾತ್ರ ಒಳಗೆ ಎನ್ನುತ್ತಿದ್ದವು. ಸರ್ಕಾರವೇ ಕೇಳದ ಕಾಗದ ಇವರಿಗೇಕೆ ಬೇಕಿತ್ತು? ಡಿಸ್ಚಾರ್ಜ್ ಪತ್ರ, ಲಕ್ಷಣ ಶುರುವಾದ ದಿನಾಂಕ ಇವೆರಡು ಸಾಕಿತ್ತು.

ಮೂರು ತಿಂಗಳೊಳಗೆ ಲಕ್ಷಣವಿಲ್ಲದೆ ಪಾಸಿಟಿವ್ ಬಂದರೆ ಮತ್ತೆ ಆಸ್ಪತ್ರೆ ಸೇರುವ ಅಗತ್ಯವಿಲ್ಲ. ಜ್ವರ, ಕೆಮ್ಮು ಹೊಸದಾಗಿ ಬಂದರೆ ಮಾತ್ರ ಉದಾಸೀನ ಬೇಡ. ಆರು ನಿಮಿಷ ನಡೆದ ಮೇಲೆ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಅಂಗಾಂಗ ಕಸಿ ಮಾಡಿಸಿಕೊಂಡವರು, ಕಿಮೊಥೆರಪಿ ಪಡೆಯುತ್ತಿರುವವರ ಮಾತೇ ಬೇರೆ: ಅವರಲ್ಲಿ ಜೀವಂತ ವೈರಸ್ಸೇ ವಾರಗಟ್ಟಲೆ ಉಳಿಯಬಲ್ಲದು. ಅವರಿಗೆ ದಿನಗಳ ಲೆಕ್ಕ ಸಾಲದು, ತಜ್ಞರೇ ತೀರ್ಮಾನಿಸಬೇಕು.

ನಿಜವಾದ ಮರುಸೋಂಕು ಇಲ್ಲವೇ ಇಲ್ಲ ಎಂದಲ್ಲ. ಹಾಂಗ್‌ಕಾಂಗ್‌ನ 33 ವರ್ಷದ ವ್ಯಕ್ತಿಯಲ್ಲಿ ಅದು 2020ರ ಆಗಸ್ಟ್‌ನಲ್ಲಿ ಸಾಬೀತಾಯಿತು. ಎರಡೂ ಬಾರಿಯ ಮಾದರಿಗಳಲ್ಲಿನ ವೈರಸ್ಸಿನ ಜೀನೋಮ್ (ಪೂರ್ಣ ಆನುವಂಶಿಕ ಸಂಕೇತ) ಹೋಲಿಸಲು ಸಾಧ್ಯವಾದದ್ದರಿಂದಲೇ ಅದು ಗೊತ್ತಾದದ್ದು. ಮೊದಲ ಮಾದರಿಯನ್ನು ಎಸೆದುಬಿಟ್ಟರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ. ಜಿಲ್ಲಾ ಪ್ರಯೋಗಾಲಯಗಳು ಪಾಸಿಟಿವ್ ಮಾದರಿಗಳಲ್ಲಿ ಒಂದು ಪಾಲನ್ನಾದರೂ ಮೈನಸ್ 70 ಡಿಗ್ರಿಯ ಫ್ರೀಜರ್‌ನಲ್ಲಿ ಆರು ತಿಂಗಳು ಕಾಯ್ದಿಡುವಂತೆ ಆರೋಗ್ಯ ಇಲಾಖೆ ಆದೇಶಿಸಲಿ, ಫ್ರೀಜರ್ ಇಲ್ಲದ ಕಡೆ ಒದಗಿಸಲಿ.

– ಪ್ರಯೋಗಾಲಯ ತಜ್ಞರು, ದಾವಣಗೆರೆ