‘ಸಿನೆರಿಸಿಸ್’ ಎಂದರೆ ಕಣ್ಣು ಕುಗ್ಗುವುದಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ವಯಸ್ಸಾದವರ ಕಣ್ಣಿನ ತೊಂದರೆಗಳನ್ನು ಕುರಿತ ಲೇಖನವೊಂದು ಪ್ರಕಟವಾಗಿತ್ತು. ಒಟ್ಟಿನಲ್ಲಿ ಉಪಯುಕ್ತವಾಗಿದ್ದ ಆ ಲೇಖನದಲ್ಲಿ, ಕಣ್ಣೊಳಗಿನ ಲೋಳೆ ನೀರು ಬಿಡುವುದಕ್ಕೆ ವೈದ್ಯರು ಹೇಳುವ ‘ವಿಟ್ರಿಯಸ್ ಸಿನೆರಿಸಿಸ್’ ಎಂಬುದನ್ನು ‘ಕಣ್ಣು ಕುಗ್ಗುವಿಕೆ’ ಎಂದು ಕನ್ನಡಿಸಲಾಗಿದೆ. ನನ್ನ ಅಕ್ಕನ ತಪಾಸಣೆಯ ಚೀಟಿಯಲ್ಲಿ ವೈದ್ಯರು ಬರೆದುಕೊಟ್ಟಿರುವುದೂ ಇದೇ ಎರಡು ಪದಗಳನ್ನು. ಎಪ್ಪತ್ತು ದಾಟಿದ ಆಕೆ ಲೇಖನ ಓದಿದ ಸಂಜೆ ಕನ್ನಡಿಯ ಮುಂದೆ ನಿಂತು ಎರಡೂ ಕಣ್ಣುಗಳನ್ನು ಹೋಲಿಸಿ ನೋಡಿ, ಎಡಗಣ್ಣು ಸಣ್ಣದಾಗಿದೆಯೆಂದು ತಾನೇ ತೀರ್ಮಾನಿಸಿ, ಗಾಬರಿಯಿಂದ ನನಗೆ ಫೋನ್ ಮಾಡಿದಳು. ಆ ಗಾಬರಿಗೆ ಕಾರಣ ರೋಗವಲ್ಲ, ಅನುವಾದ. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿದವನಾದ್ದರಿಂದ ಈ ಪದದ ವಿಷಯದಲ್ಲಿ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ.

ಸಿನೆರಿಸಿಸ್ ಮೂಲತಃ ಗ್ರೀಕ್ ಪದ. ‘ಸಿನ್’ ಎಂದರೆ ಕೂಡಿ, ಜೊತೆಯಾಗಿ. ‘ಹೈರೇಯಿನ್’ ಎಂದರೆ ಹಿಡಿ, ತೆಗೆದುಕೋ. ಎರಡೂ ಸೇರಿದರೆ ‘ಒಟ್ಟಿಗೆ ಹಿಡಿದುಕೊಳ್ಳುವುದು’ ಎಂಬ ಅರ್ಥ ಬರುತ್ತದೆಯೇ ಹೊರತು, ಕುಗ್ಗುವ ಮಾತು ಈ ಬೇರುಗಳಲ್ಲಿ ಎಲ್ಲಿಯೂ ಇಲ್ಲ. ವಿಜ್ಞಾನಕ್ಕೆ ಬರುವುದಕ್ಕೆ ಬಹಳ ಮೊದಲೇ ಇದು ವ್ಯಾಕರಣದ ಪದವಾಗಿತ್ತು. ಅಕ್ಕಪಕ್ಕದ ಎರಡು ಸ್ವರಗಳನ್ನು ಬಿಡಿಬಿಡಿಯಾಗಿ ಉಚ್ಚರಿಸದೆ ಒಂದೇ ಆಗಿ ನುಡಿಯುವುದಕ್ಕೆ ಗ್ರೀಕ್ ವೈಯಾಕರಣರು ಇಟ್ಟ ಹೆಸರು ಇದು. ನಮ್ಮ ಸಂಧಿಯ ನಿಯಮಗಳು ಬೇರೆಯಾದರೂ, ‘ದೇವ’ ಮತ್ತು ‘ಇಂದ್ರ’ ಸೇರಿ ‘ದೇವೇಂದ್ರ’ ಆಗುವಾಗ ನಾಲ್ಕು ಅಕ್ಷರಗಳು ಮೂರಾಗುವುದನ್ನು ನೆನೆದರೆ ಆ ಕಲ್ಪನೆ ನಮಗೆ ಅಪರಿಚಿತವೇನಲ್ಲ. ಇದಕ್ಕೆ ವಿರುದ್ಧವಾದದ್ದು ‘ಡಯೆರಿಸಿಸ್’, ಅಂದರೆ ಬಿಡಿಸಿ ಹಿಡಿಯುವುದು. ಇಂಗ್ಲಿಷಿನ ‘ನಾಯೀವ್’ ಪದದಲ್ಲಿ ಐ ಅಕ್ಷರದ ಮೇಲೆ ಕೆಲವರು ಇಡುವ ಎರಡು ಚುಕ್ಕೆಗಳಿಗೂ ಅದೇ ಹೆಸರು. ಅಂದಹಾಗೆ, ಮತದ ಒಪ್ಪಿತ ನಂಬಿಕೆಯನ್ನು ಬಿಟ್ಟು ನಡೆಯುವುದಕ್ಕೆ ಬಳಸುವ ‘ಹೆರೆಸಿ’ ಎಂಬ ಪದವೂ ಈ ಕುಟುಂಬದ್ದೇ. ತನಗೆ ಬೇಕಾದುದನ್ನು ತಾನು ಆರಿಸಿ ತೆಗೆದುಕೊಳ್ಳುವುದು ಅದರ ಮೊದಲ ಅರ್ಥ.

ವ್ಯಾಕರಣದ ಈ ಪದವನ್ನು 1860ರ ದಶಕದಲ್ಲಿ ಪ್ರಯೋಗಶಾಲೆಗೆ ತಂದವನು ಗ್ಲಾಸ್ಗೋದಲ್ಲಿ 1805ರಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ. ಆಗ ಆತ ಲಂಡನ್ನಿನ ಟಂಕಸಾಲೆಯ ಮುಖ್ಯಸ್ಥ, ಹಿಂದೊಮ್ಮೆ ನ್ಯೂಟನ್ ಕುಳಿತಿದ್ದ ಹುದ್ದೆ ಅದು. ಹೆಸರಿಡುವುದರಲ್ಲಿ ಈತನದು ಎತ್ತಿದ ಕೈ. ಅತಿ ಸಣ್ಣ ಕಣಗಳು ದ್ರವದಲ್ಲಿ ಹರಡಿಕೊಂಡಿರುವ ಅಂಟಿನಂಥ ವಸ್ತುಗಳನ್ನು, ಅಂಟು ಎಂಬರ್ಥದ ಗ್ರೀಕ್ ಪದದಿಂದ ‘ಕೊಲಾಯ್ಡ್’ ಎಂದು ಹೆಸರಿಸಿದವನು ಈತನೇ. ಇಂದು ನಮ್ಮ ತಾಲ್ಲೂಕು ಆಸ್ಪತ್ರೆಗಳ ಫಲಕಗಳಲ್ಲಿಯೂ ಕಾಣುವ ‘ಡಯಾಲಿಸಿಸ್’ ಪದಕ್ಕೆ ರಸಾಯನಶಾಸ್ತ್ರದ ಅರ್ಥ ಕೊಟ್ಟವನೂ ಈತನೇ. ಮರಳಿನ ಮುಖ್ಯ ವಸ್ತುವಾದ ಸಿಲಿಕಾದ ಜೆಲ್ಲನ್ನು, ಅಂದರೆ ನೀರು ಹಿಡಿದ ಲೋಳೆಯನ್ನು, ಮುಚ್ಚಿದ ಪಾತ್ರೆಯಲ್ಲಿ ಇಟ್ಟಿದ್ದರೂ, ಆವಿಯಾಗಿ ಹೋಗಲು ದಾರಿಯೇ ಇಲ್ಲದಿದ್ದರೂ, ಅದು ದಿನಕಳೆದಂತೆ ಬಿಗಿಯಾಗಿ ತನ್ನೊಳಗಿನ ದ್ರವವನ್ನು ತಾನೇ ಹೊರಗೆ ಹಾಕುತ್ತದೆ. ಒಣಗುವುದಕ್ಕಿಂತ ಬೇರೆಯಾದ ಈ ಕ್ರಿಯೆಗೆ ಗ್ರಹಾಂ ‘ಒಟ್ಟಿಗೆ ಹಿಡಿದುಕೊಳ್ಳುವುದು’ ಎಂಬ ಹಳೆಯ ಪದವನ್ನೇ ಆರಿಸಿದ. ಆ ಆಯ್ಕೆ ಎಷ್ಟು ಸರಿಯಾಗಿತ್ತೆಂಬುದು ತಿಳಿಯಲು ಸಿಲಿಕಾ ಬೇಡ, ಅಡುಗೆಮನೆಯ ಮೊಸರಿನ ಪಾತ್ರೆ ಸಾಕು.

ಹೆಪ್ಪು ಹಾಕಿದ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಸುಮಾರು 6.6 ಇದ್ದ ಹಾಲಿನ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇದು ಕಡಿಮೆ) 4.6ರ ಕಡೆಗೆ ಇಳಿಯುತ್ತಿದ್ದಂತೆ, ಅದುವರೆಗೆ ವಿದ್ಯುದಂಶದ ಕಾರಣದಿಂದ ಒಂದನ್ನೊಂದು ದೂರ ತಳ್ಳುತ್ತಿದ್ದ ಕೇಸಿನ್ ಪ್ರೋಟೀನಿನ ಕಣಗಳು ಪರಸ್ಪರ ಅಂಟಿಕೊಂಡು ಒಂದು ಬಲೆಯನ್ನು ಹೆಣೆಯುತ್ತವೆ. ಹಸುವಿನ ಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇದ್ದರೂ ಮೊಸರು ಪಾತ್ರೆಯಲ್ಲಿ ಗಟ್ಟಿಯಾಗಿ ನಿಲ್ಲುವುದು ಆ ನೀರೆಲ್ಲ ಈ ಬಲೆಯ ಕಣ್ಣುಗಳಲ್ಲಿ ಸಿಕ್ಕಿಬಿದ್ದಿರುವುದರಿಂದ. ಆದರೆ ಹೆಪ್ಪಾದ ಮಾತ್ರಕ್ಕೆ ಬಲೆಯ ಕೆಲಸ ಮುಗಿಯುವುದಿಲ್ಲ. ಎಳೆಗಳು ಇನ್ನಷ್ಟು ಹತ್ತಿರ ಸರಿದು ಹೊಸ ಹೊಸ ಕಡೆಗಳಲ್ಲಿ ಕೈ ಹಿಡಿಯುತ್ತಲೇ ಹೋಗುತ್ತವೆ, ಬಲೆ ಬಿಗಿಯಾಗುತ್ತದೆ, ಜಾಗ ಸಾಲದ ನೀರು ಹೊರಗೆ ಬರುತ್ತದೆ. ರಾತ್ರಿ ಸೌಟಿನಲ್ಲಿ ತೆಗೆದ ಮೊಸರಿನ ಗುಂಡಿಯಲ್ಲಿ ಬೆಳಿಗ್ಗೆ ತುಂಬಿರುವ ತಿಳಿಹಳದಿಯ ನೀರು ಅದೇ. ಸೆಕೆಗಾಲದಲ್ಲಿ ಅದು ಹೆಚ್ಚು, ಹುಳಿ ಏರಿದಷ್ಟೂ ಹೆಚ್ಚು, ಅರ್ಧ ಹೆಪ್ಪಾದ ಪಾತ್ರೆಯನ್ನು ಅಲುಗಾಡಿಸಿದರಂತೂ ಹೇಳುವುದೇ ಬೇಡ. ಹಾಲನ್ನು ಚೆನ್ನಾಗಿ ಕಾಯಿಸಿದರೆ ಗಟ್ಟಿಮೊಸರು ಬರುತ್ತದೆಂದು ನಮ್ಮ ತಾಯಿ ಹೇಳುತ್ತಿದ್ದುದಕ್ಕೂ ಕಾರಣವಿದೆ. ಕಾದಾಗ ಹಾಲಿನ ಇತರ ಪ್ರೋಟೀನುಗಳೂ ಕೇಸಿನ್‌ಗೆ ಅಂಟಿಕೊಳ್ಳುವುದರಿಂದ ಬಲೆ ನೀರನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ನಾವು ತಪ್ಪಿಸಲು ನೋಡುವ ಇದೇ ಕ್ರಿಯೆಯನ್ನು ಚೀಸ್ ಮಾಡುವವರು ಬೇಕೆಂದೇ ಚುರುಕುಗೊಳಿಸುತ್ತಾರೆ. ಗಡ್ಡೆಯಾದುದನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಬಿಸಿಮಾಡುವುದು ಅದಕ್ಕಾಗಿಯೇ.

ಈ ವಿದ್ಯಮಾನಕ್ಕೆ ಕನ್ನಡದಲ್ಲಿ ಮಾತಿಲ್ಲವೆಂದು ಯಾರೂ ಹೇಳಲಾರರು. ‘ಮೊಸರು ನೀರು ಬಿಟ್ಟಿದೆ’ ಎಂಬ ಮಾತು ಮನೆಮನೆಯಲ್ಲಿದೆ. ವ್ಯತ್ಯಾಸವೆಂದರೆ ಗ್ರಹಾಂ ಬಲೆಯನ್ನು ನೋಡಿ ಹೆಸರಿಟ್ಟ, ನಾವು ನೀರನ್ನು ನೋಡಿ ಹೇಳಿದೆವು. ‘ಕುಗ್ಗುವಿಕೆ’ ಎಂಬ ಪದದಲ್ಲಾದರೋ ಬಲೆಯೂ ಇಲ್ಲ, ನೀರೂ ಇಲ್ಲ.

ಈಗ ಕಣ್ಣಿನ ವಿಷಯ. ಕಣ್ಣುಗುಡ್ಡೆಯ ಒಳಗೆ, ಮಸೂರಕ್ಕೂ ಹಿಂಭಾಗದಲ್ಲಿ ಬಿಂಬ ಮೂಡುವ ಅಕ್ಷಿಪಟಲಕ್ಕೂ (ರೆಟಿನಾ) ನಡುವೆ, ಸುಮಾರು 4 ಮಿಲಿಲೀಟರಿನಷ್ಟು ಪಾರದರ್ಶಕವಾದ ಲೋಳೆ ತುಂಬಿರುತ್ತದೆ. ಗಾಜು ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ವಿಟ್ರಿಯಸ್ ಎಂಬ ಹೆಸರು ಬಂದಿದೆ. ಅದರಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ನೀರು. ಆ ನೀರನ್ನು ಲೋಳೆಯಾಗಿ ನಿಲ್ಲಿಸಿರುವುದು ಕೊಲಾಜನ್ ಎಂಬ ಪ್ರೋಟೀನಿನ ಅತಿ ತೆಳುವಾದ ಎಳೆಗಳು ಮತ್ತು ಅವುಗಳ ನಡುವಿನ ಹೈಲುರಾನಿಕ್ ಆಮ್ಲ. ವಯಸ್ಸಾದಂತೆ ಎಳೆಗಳು ಒಂದೆಡೆ ಗುಂಪುಗೂಡುತ್ತವೆ, ನೀರು ಅಲ್ಲಲ್ಲಿ ಪ್ರತ್ಯೇಕವಾಗುತ್ತದೆ. ಹಾಗೆ ಗುಂಪುಗೂಡಿದ ಎಳೆಗಳ ನೆರಳು ಅಕ್ಷಿಪಟಲದ ಮೇಲೆ ಬಿದ್ದಾಗ ಕಣ್ಣೆದುರು ನೊಣ ಹಾರಿದಂತೆ, ಕೂದಲೆಳೆ ತೇಲಿದಂತೆ ಕಾಣಿಸುತ್ತದೆ. ಕುಗ್ಗುವುದು ಒಳಗಿನ ಲೋಳೆ ಮಾತ್ರ. ಬಿಟ್ಟ ನೀರು ಅಲ್ಲೇ ಇರುವುದರಿಂದ ಕಣ್ಣುಗುಡ್ಡೆಯ ಗಾತ್ರದಲ್ಲಿ ಬದಲಾವಣೆಯಿಲ್ಲ. ಇದನ್ನೆಲ್ಲ ಫೋನಿನಲ್ಲಿ ವಿವರಿಸಿ, ‘ನಿನ್ನ ಕಣ್ಣೊಳಗೆ ಮೊಸರು ನೀರು ಬಿಟ್ಟಂತೆ ಆಗಿದೆ, ಅಷ್ಟೇ’ ಎಂದಾಗ ಅಕ್ಕ ಸ್ವಲ್ಪ ಹೊತ್ತು ಯೋಚಿಸಿ, ‘ಮತ್ತೆ ಹೆಪ್ಪು ಹಾಕೋಕೆ ಬರಲ್ವೇನೋ?’ ಎಂದು ಕೇಳಿದಳು. ಬರುವುದಿಲ್ಲ ಎಂದೆ. ವಿಷಯ ಅರ್ಥವಾಗಿತ್ತು.

ಕುಗ್ಗುವಿಕೆ ಎಂಬ ಒಂದೇ ಚೀಲಕ್ಕೆ ಬೇರೆ ಬೇರೆ ಪದಗಳನ್ನು ತುಂಬುವ ಅಭ್ಯಾಸ ಈ ಲೇಖನದ್ದು ಮಾತ್ರವಲ್ಲ. ‘ಅಟ್ರೊಫಿ’ ಎಂಬುದರ ಗ್ರೀಕ್ ಮೂಲದಲ್ಲಿರುವುದು ‘ಪೋಷಣೆ ಇಲ್ಲದಿರುವುದು’. ಪ್ಲಾಸ್ಟರ್ ಬಿಚ್ಚಿದ ಕಾಲಿನ ಮಾಂಸಖಂಡ ಬಡವಾಗಿರುವುದು ಅದು. ಅಲ್ಲಿ ‘ಸೊರಗುವುದು’ ಎಂಬ ಒಳ್ಳೆಯ ಕನ್ನಡ ಪದವೇ ಇದೆ. ‘ಸಿಸ್ಟೊಲಿ’ ಎಂದರೆ ಹೃದಯ ತನ್ನ ಬಡಿತದಲ್ಲಿ ಬಿಗಿಯಾಗುವುದು, ಮರುಗಳಿಗೆಯಲ್ಲಿ ಸಡಿಲವಾಗುವುದಕ್ಕೆಂದೇ ಬಿಗಿಯಾಗುವುದು. ಸೊರಗಿದ ಸ್ನಾಯು, ಬಡಿಯುವ ಹೃದಯ, ನೀರು ಬಿಟ್ಟ ಲೋಳೆ ಈ ಮೂರೂ ಓದುಗನಿಗೆ ಒಂದೇ ಆಗಿ ಕಂಡರೆ ಅನುವಾದದಿಂದ ಏನೂ ದಕ್ಕಿದಂತಾಗಲಿಲ್ಲ. ಹಾಗೆಂದು ಹೊಸದೊಂದು ಸಂಸ್ಕೃತ ಸಮಾಸವನ್ನು ಟಂಕಿಸಿರೆಂದು ನಾನು ಕೇಳುತ್ತಿಲ್ಲ. ಅದನ್ನು ಬಿಡಿಸಿ ಹೇಳಲು ಇನ್ನೊಂದು ಲೇಖನ ಬೇಕಾದೀತು. ‘ಕಣ್ಣೊಳಗಿನ ಲೋಳೆ ಬಿಗಿದು ನೀರು ಬಿಡುವುದು’ ಎಂದು ಒಮ್ಮೆ ವಿವರಿಸಿ, ಮುಂದೆ ಸಿನೆರಿಸಿಸ್ ಎಂದೇ ಬರೆದರೆ ಸಾಕು. ವೈದ್ಯರ ಚೀಟಿಯಲ್ಲಿ ಇರುವುದೂ ಆ ಪದವೇ ತಾನೆ.

ಮುಂದಿನ ಪುರವಣಿಯಲ್ಲಿ ಈ ತಿದ್ದುಪಡಿಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ. ಅದರ ಜೊತೆಗೆ, ಲೇಖನದಲ್ಲಿ ಬಿಟ್ಟುಹೋಗಿರುವ ಒಂದು ಮಾತನ್ನೂ ಸೇರಿಸಬೇಕು. ತೇಲುವ ಚುಕ್ಕೆಗಳು ಇದ್ದಕ್ಕಿದ್ದಂತೆ ಬಹಳವಾದರೆ, ಮಿಂಚಿನಂತೆ ಬೆಳಕು ಹೊಳೆದರೆ, ಅಥವಾ ನೋಟದ ಒಂದು ಬದಿಗೆ ಪರದೆ ಎಳೆದಂತಾದರೆ ಅಕ್ಷಿಪಟಲ ಹರಿದಿರಬಹುದು ಇಲ್ಲವೇ ಕಳಚುತ್ತಿರಬಹುದು. ಅಂಥವರು ಮರುದಿನಕ್ಕೆ ಕಾಯದೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ, ಶಿವಮೊಗ್ಗ