ಹಗಲಿನ ದುಡ್ಡು ತಗೊಂಡು ರಾತ್ರಿ ರೈಲು ಹತ್ತಿಸಿದ್ದರ ಬಗ್ಗೆ ದೂರು

ಗೆ: ಗ್ರಾಹಕ ವಿಭಾಗದ ಮುಖ್ಯಸ್ಥರು, ನಮಗೆ ಘಾಟ್ ರೈಲಿನ ಪ್ಯಾಕೇಜ್ ಮಾರಿದ ಪ್ರವಾಸ ಕಂಪನಿ
ಇಂದ: ಶಿವಮೊಗ್ಗದ ಒಬ್ಬ ಗ್ರಾಹಕ, ಜೊತೆಗೆ ಬಂದಿದ್ದ ಮನೆಯವರ ಪರವಾಗಿಯೂ

ವಿಷಯ: ಸಕಲೇಶಪುರ–ಸುಬ್ರಹ್ಮಣ್ಯ ಘಾಟ್‌ನ ವಿಸ್ಟಾಡೋಮ್ ಪ್ಯಾಕೇಜ್‌ನಲ್ಲಿ ಆದ ಮೋಸ ಮತ್ತು ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನಿಮ್ಮ ಶಿವಮೊಗ್ಗದ ಆಫೀಸಿಗೆ ಬಂದು ಹೇಳಿದ್ದಾಯಿತು, ಫೋನಿನಲ್ಲಿ ಹೇಳಿದ್ದಾಯಿತು, ವಾಟ್ಸಾಪಿನಲ್ಲಿ ಬರೆದದ್ದೂ ಆಯಿತು. ಎಲ್ಲ ಕಡೆಯೂ ಒಂದೇ ಉತ್ತರ, "ಮೇಲಿನವರಿಗೆ ತಿಳಿಸ್ತೀವಿ ಸಾರ್." ಆ ಮೇಲಿನವರು ನೀವೇ ಇರಬೇಕು ಅಂದುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ದೂರು ಇಷ್ಟೇ. ನೀವು ಮಾರಿದ್ದು ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಯಲ್ಲಿ ಕೂತು ಪಶ್ಚಿಮ ಘಟ್ಟ ನೋಡುವ ಪ್ರಯಾಣವನ್ನು. ಕೊಟ್ಟಿದ್ದು ರಾತ್ರಿ ರೈಲಿನ ತ್ರೀ-ಟಯರ್ ಎಸಿಯಲ್ಲಿ ಆರು ಬರ್ತುಗಳನ್ನು. ಸಕಲೇಶಪುರದಲ್ಲಿ ಹತ್ತುವಾಗಲೇ ಊರೆಲ್ಲ ಮಲಗಿತ್ತು. ಸುಬ್ರಹ್ಮಣ್ಯ ರೋಡ್‌ನಲ್ಲಿ ಇಳಿಯುವಾಗ ಇನ್ನೂ ಬೆಳಗಾಗಿರಲಿಲ್ಲ. ನಡುವೆ ಏನು ಕಂಡಿತು ಅಂತ ಕೇಳಿದರೆ, ಕಿಟಕಿ ಗಾಜಿನಲ್ಲಿ ನಮ್ಮ ನಮ್ಮ ಮುಖ ಕಂಡಿತು.

ಈ ಘಾಟ್‌ನಲ್ಲಿ 57 ಸುರಂಗ ಇವೆ ಅಂತ ನಿಮ್ಮ ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿದ್ದೀರಿ. ಅದು ನಿಜ. ಆದರೆ ನಮ್ಮ ಪಾಲಿಗೆ ಇದ್ದದ್ದು ಒಂದೇ ಸುರಂಗ. ಅದು ಸಕಲೇಶಪುರದಲ್ಲಿ ಶುರುವಾಗಿ ಸುಮಾರು 55 ಕಿಲೋಮೀಟರ್ ಆದಮೇಲೆ ಸುಬ್ರಹ್ಮಣ್ಯ ರೋಡ್‌ನಲ್ಲಿ ಮುಗಿಯಿತು.

ಇದನ್ನು ನಿಮ್ಮ ಆಫೀಸಿನಲ್ಲಿ ಹೇಳಿದಾಗ ಕೌಂಟರಿನಲ್ಲಿದ್ದವರು ನಗದೆಯೇ ಹೇಳಿದರು, "ರೂಟ್ ಅದೇ ಅಲ್ವಾ ಸಾರ್, ಸುರಂಗಾನೂ ಅವೇ ಅಲ್ವಾ, ಪ್ಯಾಕೇಜಲ್ಲಿ ಹಗಲು ಅಂತ ಎಲ್ಲೂ ಬರೆದಿಲ್ಲ." ಹೌದು, ಬರೆದಿಲ್ಲ. ವಿಸ್ಟಾಡೋಮ್ ಅಂತ ಬರೆದಿದ್ದೀರಿ. ದೊಡ್ಡ ದೊಡ್ಡ ಕಿಟಕಿ, ಮೇಲೆ ಗಾಜಿನ ಸೂರು, ಹೊರಗೆ ನೋಡಲಿಕ್ಕೆ ಅನುಕೂಲವಾಗಲಿ ಅಂತ 180 ಡಿಗ್ರಿ ತಿರುಗುವ ಸೀಟು, ಬೋಗಿಯ ಒಂದು ತುದಿಯಲ್ಲಿ ನಿಂತು ನೋಡುವ ಜಾಗ, ಇಷ್ಟೆಲ್ಲ ಇರುವ ಬೋಗಿಯ ಫೋಟೋ ಹಾಕಿ, ಹೊರಗೆ ಹಸಿರು ಬೆಟ್ಟ, ಮೇಲೆ ಬಿಳಿ ಮೋಡ ತೋರಿಸಿ, ಆಮೇಲೆ ಹಗಲು ಅಂತ ಬರೆದಿಲ್ಲ ಅನ್ನುವುದು ಯಾವ ನ್ಯಾಯ? 2021ರ ಜುಲೈಯಲ್ಲಿ ಯಶವಂತಪುರ–ಮಂಗಳೂರು ರೈಲಿಗೆ ಈ ಬೋಗಿ ಜೋಡಿಸಿದ್ದೇ ಘಾಟ್ ನೋಡಲಿ ಅಂತ. ಅದು ಬೆಳಿಗ್ಗೆ ಹೊರಟು ಹಗಲಲ್ಲೇ ಘಾಟ್ ಇಳಿಯುವ ರೈಲು. ನೀವು ಹತ್ತಿಸಿದ ರಾತ್ರಿ ರೈಲಿನಲ್ಲಿ ಅಂಥ ಬೋಗಿಯೇ ಇರಲಿಲ್ಲ. ಅಂದಮೇಲೆ ಹಗಲು ಹೋಗಲಿ, ಬರೆದು ಕೊಟ್ಟ ಬೋಗಿಯನ್ನೂ ಕೊಟ್ಟಿಲ್ಲ ನೀವು.

ಈಗ ನೀವು ಕೊಟ್ಟ ಕಾರಣಕ್ಕೆ ಬರುತ್ತೇನೆ. ನನಗೆ ಜಾಸ್ತಿ ಸಿಟ್ಟು ಬಂದಿರುವುದು ಅದರ ಮೇಲೆಯೇ.

ಹೊರಡುವ ಹಿಂದಿನ ದಿನ ಸಂಜೆ ನಿಮ್ಮ ಆಫೀಸಿನಿಂದ ಒಂದು ಪತ್ರಿಕೆಯ ತುಣುಕು ವಾಟ್ಸಾಪಿಗೆ ಬಂತು. ಘಾಟ್‌ನಲ್ಲಿ ಕಾಮಗಾರಿ ಇರುವುದರಿಂದ ಹಗಲು ರೈಲು ರದ್ದು ಅಂತ ಅದರಲ್ಲಿತ್ತು. ಕೆಳಗೆ ನಿಮ್ಮದೊಂದು ಸಾಲು, "ರೈಲ್ವೆಯವರ ಕಾರಣದಿಂದ ನಿಮ್ಮನ್ನು ರಾತ್ರಿ ರೈಲಿಗೆ ಬದಲಾಯಿಸಿದ್ದೇವೆ, ಸಹಕರಿಸಿ." ನಾವು ನಂಬಿದೆವು. ಮಲೆನಾಡಿನವರಿಗೆ ಘಾಟ್ ಬಂದ್ ಆಗುವುದು ಹೊಸ ಸುದ್ದಿಯೇನಲ್ಲ. 2018ರ ಆಗಸ್ಟ್‌ನ ಮಳೆಯಲ್ಲಿ ಇದೇ ಹಳಿಯ ಮೇಲೆ ಗುಡ್ಡ ಕುಸಿದಿತ್ತು. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ರೈಲುಗಳು ನಿಂತಿದ್ದವು. ಆಗುಂಬೆ ಘಾಟ್‌ನಲ್ಲಿ ಮರ ಬಿದ್ದರೆ ಬಸ್ಸಿನಿಂದ ಇಳಿದು ಕಾಯುತ್ತಾ ನಿಲ್ಲುವ ಜನ ನಾವು. ನಿಜಕ್ಕೂ ಗುಡ್ಡವೋ ಹಳಿಯೋ ಕೈಕೊಟ್ಟಿದ್ದರೆ ತುಟಿ ಪಿಟಕ್ ಅನ್ನುತ್ತಿರಲಿಲ್ಲ, ಇನ್ನೊಂದು ದಿನ ಹೋದರಾಯಿತು ಅಂತ ಮನೆಯಲ್ಲೇ ಇರುತ್ತಿದ್ದೆವು.

ವಾಪಸ್ ಬಂದಮೇಲೆ ನನ್ನ ತಂಗಿಯ ಮಗ ಆ ತುಣುಕನ್ನು ದೊಡ್ಡದು ಮಾಡಿ ನೋಡಿದ. ಅದು 2025ರದ್ದು. ಆ ವರ್ಷ ಜೂನ್‌ನಿಂದ ಘಾಟ್‌ನಲ್ಲಿ ವಿದ್ಯುತ್ ಲೈನ್ ಕೆಲಸಕ್ಕಾಗಿ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಆ ಹಳೇ ಸುದ್ದಿಯ ದಿನಾಂಕ ಇರುವ ಮೂಲೆಯನ್ನು ಕತ್ತರಿಸಿ ನಮಗೆ ಕಳಿಸಿದ್ದೀರಿ. ಆದರೆ ಪೂರ್ತಿ ಕತ್ತರಿಸಿಲ್ಲ, ತುಣುಕಿನೊಳಗಿನ ಒಂದು ಸಾಲಿನಲ್ಲಿ ವರ್ಷ ಉಳಿದುಬಿಟ್ಟಿದೆ. ನಾವು ಹೋದ ದಿನ ಹಗಲು ರೈಲು ಓಡಿದೆ. ಎಷ್ಟು ಗಂಟೆಗೆ ಸಕಲೇಶಪುರ ಬಿಟ್ಟಿತು ಅನ್ನುವುದು ಸಮೇತ ರೈಲ್ವೆ ಆ್ಯಪಿನಲ್ಲಿ ಇತ್ತು, ಅದರ ಚಿತ್ರ ತೆಗೆದು ಇಟ್ಟುಕೊಂಡಿದ್ದೇನೆ. ಅದು ಹೊರಡುವ ಹೊತ್ತಿಗೆ ನಾವೆಲ್ಲಿದ್ದೆವು ಗೊತ್ತಾ? ಅದೇ ಸಕಲೇಶಪುರದಲ್ಲಿ, ನೀವು ಬುಕ್ ಮಾಡಿದ್ದ ರೆಸಾರ್ಟ್‌ನವರು ಬೆಳಿಗ್ಗೆಯೇ ರೂಮ್ ಖಾಲಿ ಮಾಡಿಸಿದ್ದರಿಂದ, ಬ್ಯಾಗುಗಳನ್ನು ಸುತ್ತ ಇಟ್ಟುಕೊಂಡು ಒಂದು ಹೋಟೆಲಿನಲ್ಲಿ ಎರಡನೇ ಸುತ್ತಿನ ಕಾಫಿ ಕುಡಿಯುತ್ತಿದ್ದೆವು. ಆಮೇಲೆ ರಾತ್ರಿವರೆಗೂ ಸ್ಟೇಷನ್ನಿನ ಬೆಂಚು. ನಿಮ್ಮ ಕರಪತ್ರದ ಐಷಾರಾಮಿ ದಿನ ಕಳೆದದ್ದು ಹೀಗೆ.

ಹಾಗಾದರೆ ನಿಜವಾದ ಕಾರಣ ಏನು? ಅದು ಟಿಕೆಟಿನ ಮೇಲೇ ಇದೆ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, 2024ರ ನವೆಂಬರ್‌ಗೂ ಮೊದಲು 120 ದಿನ ಇತ್ತು. ನಾವು ಪೂರ್ತಿ ಹಣ ಕಟ್ಟಿದ್ದು ಬುಕಿಂಗ್ ತೆರೆಯುವುದಕ್ಕಿಂತ ಮುಂಚೆಯೇ, ರಸೀದಿ ನನ್ನ ಹತ್ತಿರ ಇದೆ. ಒಂದು ವಿಸ್ಟಾಡೋಮ್ ಬೋಗಿಯಲ್ಲಿ ಇರುವುದೇ 44 ಸೀಟು. ರಜೆ ದಿನಗಳಲ್ಲಿ ಅವು ಹೇಗೆ ಖಾಲಿಯಾಗುತ್ತವೆ ಅನ್ನುವುದು ಈ ವ್ಯಾಪಾರದಲ್ಲಿರುವ ನಿಮಗೆ ನಾನು ಹೇಳಿಕೊಡಬೇಕಾ? ನಮ್ಮ ಕೈಗೆ ಬಂದ ಟಿಕೆಟ್ ತತ್ಕಾಲ್‌ನಲ್ಲಿ ತೆಗೆದದ್ದು. ತತ್ಕಾಲ್ ಅಂದರೆ ಹೊರಡುವ ಹಿಂದಿನ ದಿನ. ನಮ್ಮ ಹಣ ಅಷ್ಟೂ ದಿನ ನಿಮ್ಮ ಹತ್ತಿರ ಸುಮ್ನೆ ಕೂತಿತ್ತು. ಸೀಟು ಹೋದಮೇಲೆ ನಿಮಗೆ ನಮ್ಮ ನೆನಪಾಯಿತು, ಆಗ ಹಳೇ ಪೇಪರ್ ಹುಡುಕಿದಿರಿ.

ದರದ ಮಾತೂ ಆಗಿಬಿಡಲಿ. ತಲೆಗೆ 14,500 ರೂಪಾಯಿಯಂತೆ ಆರು ಜನಕ್ಕೆ 87,000 ಕೊಟ್ಟಿದ್ದೇವೆ. ನಿಮ್ಮ ಬಿಲ್ಲಿನಲ್ಲೇ ರೈಲು ಪ್ರಯಾಣದ ಪಾಲು ತಲೆಗೆ 6,000 ಅಂತ ಬಿಡಿಸಿ ಬರೆದಿದ್ದೀರಿ. ಟಿಕೆಟಿನ ಮೇಲೆ ಅಚ್ಚಾದ ದರ, ತತ್ಕಾಲ್ ಸೇರಿಸಿಯೂ, ಅದರ ಹತ್ತಿರಕ್ಕೂ ಬರುವುದಿಲ್ಲ. ಒಳ್ಳೆ ಸೀಟು ಹಿಡಿದು ಕೊಟ್ಟು, ಹೊತ್ತಿಗೆ ಸರಿಯಾಗಿ ಕಾಫಿ ತಿಂಡಿ ನೋಡಿಕೊಂಡಿದ್ದರೆ ಮೇಲಿನ ದುಡ್ಡಿಗೆ ನಾನು ಲೆಕ್ಕ ಕೇಳುತ್ತಿರಲಿಲ್ಲ, ಅದು ನಿಮ್ಮ ದುಡಿಮೆ. ಇಲ್ಲಿ ಆ ದುಡಿಮೆ ಎಲ್ಲಿದೆ ತೋರಿಸಿ. "ರೈಲಿನಲ್ಲೇ ಅಪ್ಪಟ ಮಲೆನಾಡು ಊಟ" ಅಂದಿದ್ದಿರಿ, ಕಡುಬು, ಅಕ್ಕಿರೊಟ್ಟಿ, ಪತ್ರೊಡೆ ಅಂತ ಹೆಸರು ಹೆಸರಾಗಿ ಹಾಕಿದ್ದಿರಿ. ಸಿಕ್ಕಿದ್ದು ತಣ್ಣಗಾದ ಪುಳಿಯೋಗರೆ ಪೊಟ್ಟಣ. ನಮ್ಮ ಮನೆಯಲ್ಲಿ ದಿನಾ ಮಾಡುವ ಕಡುಬನ್ನು ದುಡ್ಡು ಕೊಟ್ಟು ತಿನ್ನಲು ನಾವೇನೂ ಬಾಯಿಬಿಟ್ಟುಕೊಂಡು ಕೂತಿರಲಿಲ್ಲ, ಆದ್ದರಿಂದ ಊಟದ ವಿಷಯ ಇಲ್ಲಿಗೇ ಬಿಡುತ್ತೇನೆ.

ಬಿಡಲಾಗದ ವಿಷಯ ನಮ್ಮ ದೊಡ್ಡಮ್ಮನದು. ಈ ಪ್ರವಾಸ ಇಟ್ಟುಕೊಂಡದ್ದೇ ಅವರಿಗಾಗಿ. ಈ ಲೈನ್ 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ಹೊಸತರಲ್ಲಿ ದೊಡ್ಡಪ್ಪ ಕೆಲಸದ ಮೇಲೆ ಮಂಗಳೂರಿಗೆ ಓಡಾಡುತ್ತಿದ್ದರು. ಒಂದು ಸುರಂಗದಿಂದ ಹೊರಗೆ ಬಂದು ಉಸಿರು ಬಿಡುವಷ್ಟರಲ್ಲಿ ಸೇತುವೆ, ಸೇತುವೆ ದಾಟುವಷ್ಟರಲ್ಲಿ ಮತ್ತೆ ಸುರಂಗ, ಕೆಳಗೆ ಎಲ್ಲೋ ಕೆಂಪುಹೊಳೆ ಅಂತ ಅವರು ವರ್ಣಿಸಿದ್ದನ್ನು ದೊಡ್ಡಮ್ಮ ನಮಗೆಲ್ಲ ಎಷ್ಟೋ ಸಲ ಹೇಳಿದ್ದಾರೆ. ಅವರು ಮಾತ್ರ ಒಮ್ಮೆಯೂ ಹೋಗಿರಲಿಲ್ಲ. ಹೋಗೋಣ ಅನ್ನುವಷ್ಟರಲ್ಲಿ 1996ರಲ್ಲಿ ಬ್ರಾಡ್ ಗೇಜ್ ಮಾಡಲಿಕ್ಕೆ ಅಂತ ಲೈನ್ ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ. ಅಷ್ಟು ಹೊತ್ತಿಗೆ ದೊಡ್ಡಪ್ಪನೂ ಇರಲಿಲ್ಲ, ದೊಡ್ಡಮ್ಮನ ಮಂಡಿಯೂ ಮೊದಲಿನಂತಿರಲಿಲ್ಲ. ಅಂಥವರಿಗೆ ನೀವು ಕೊಟ್ಟಿದ್ದು ಮಿಡಲ್ ಬರ್ತ್. ಅವರನ್ನು ಹತ್ತಿಸುವುದಾಗಲಿಲ್ಲ, ಕೆಳಗಿನ ಬರ್ತಿನ ತುದಿಯಲ್ಲಿ ಕೂರಿಸಿದೆವು. ಆ ಬರ್ತಿನ ಯಜಮಾನರು ಬೆಂಗಳೂರಿನಿಂದ ಮಲಗಿಕೊಂಡು ಬಂದವರು, ಪಾಪ, ಕಾಲು ಮಡಚಿ ಜಾಗ ಕೊಟ್ಟರು. ಏನಾದರೂ ಕಾಣುತ್ತದೇನೋ ಅಂತ ನಾವು ಪರದೆ ಸರಿಸಿ ಪಿಸುಗುಟ್ಟುತ್ತಿದ್ದರೆ ಮೇಲಿನಿಂದ ಒಬ್ಬರು, "ಸ್ವಲ್ಪ ಲೈಟ್ ಆರಿಸಿ, ಮಲಗಬೇಕು" ಅಂದರು. ಅವರ ಮಾತು ಸರಿಯೇ. ರಾತ್ರಿ ರೈಲು ಮಲಗುವುದಕ್ಕೇ ಇರುವುದು.

ಈ ಘಾಟ್‌ನಲ್ಲಿ ರೈಲು ಎಷ್ಟು ನಿಧಾನ ಹೋಗುತ್ತದೆ ಅಂತ ನಿಮಗೆ ಗೊತ್ತಿರಬೇಕು. 50 ಮೀಟರ್ ಹೋದರೆ ಒಂದು ಮೀಟರ್ ಇಳಿಯುವಷ್ಟು ಇಳಿಜಾರು, ಒಂದರ ಮೇಲೊಂದು ತಿರುವು. ಅದಕ್ಕೇ ವೇಗ ಗಂಟೆಗೆ 30 ಕಿಲೋಮೀಟರಿಗಿಂತ ಮೇಲೆ ಹೋಗುವ ಹಾಗಿಲ್ಲ. ಹಗಲಲ್ಲಿ ಆ ನಿಧಾನವೇ ಹಬ್ಬ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಅಂತ ಕಾಡಿನ ನಡುವಿನ ಆ ಪುಟ್ಟ ಸ್ಟೇಷನ್ನುಗಳನ್ನು ನೋಡುತ್ತಾ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಒಮ್ಮೆ ಹಗಲಲ್ಲಿ ಸಾದಾ ಬೋಗಿಯಲ್ಲಿ ಹೋದ ನೆನಪಿನಿಂದ ಹೇಳುತ್ತಿದ್ದೇನೆ. ಕಿಟಕಿ ತೆರೆದುಕೊಂಡು, ಒದ್ದೆ ಮಣ್ಣಿನ ವಾಸನೆ ಕುಡಿಯುತ್ತಾ ಹೋಗಿದ್ದೆ, ಬಿದ್ದ ಖರ್ಚು ನಿಮ್ಮ ಪುಳಿಯೋಗರೆಯಷ್ಟೇ ಇರಬೇಕು. ಕತ್ತಲಲ್ಲಿ ಅದೇ ನಿಧಾನ ಬರೀ ಕಾಯುವಿಕೆ. ರೈಲು ಎಲ್ಲೋ ನಿಲ್ಲುತ್ತದೆ, ಯಾಕೆ ಅಂತ ತಿಳಿಯುವುದಿಲ್ಲ, ಮತ್ತೆ ಹೊರಡುತ್ತದೆ. ದೊಡ್ಡಮ್ಮ ಒಂದು ಸಲ "ಸೇತುವೆ ಬಂತೇನೋ, ಶಬ್ದ ಬೇರೆಯಾಯ್ತು" ಅಂದರು. ಅವರ ಪ್ರವಾಸ ಅಷ್ಟೇ.

ಜೊತೆಗೆ ಬಂದ ನಿಮ್ಮ ಹುಡುಗನ ಬಗ್ಗೆ ಒಂದು ಮಾತು. ಅವನ ಮೇಲೆ ನಮ್ಮ ದೂರಿಲ್ಲ. ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವ ನೆಟ್ಟಣದಲ್ಲಿ ಆ ಹೊತ್ತಿನಲ್ಲಿ ಇಳಿದಾಗ ಅವನೇ ಓಡಾಡಿ ಜೀಪು ಗೊತ್ತು ಮಾಡಿ, ದೊಡ್ಡಮ್ಮನನ್ನು ಕೈಹಿಡಿದು ಕರೆದುಕೊಂಡು ಹೋಗಿ ಕುಕ್ಕೆಗೆ ಮುಟ್ಟಿಸಿದ. ಹಗಲು ರೈಲಿನ ಸೀಟು ಸಿಕ್ಕಿರಲಿಲ್ಲ ಅನ್ನುವುದು ಅವನಿಗೂ ಗೊತ್ತಿರಲಿಲ್ಲ. ಈ ಪತ್ರ ಓದಿ ಮೊದಲು ಅವನ ಕೆಲಸಕ್ಕೆ ಕೈಹಾಕಬೇಡಿ. ಕೇಳಬೇಕಾದದ್ದು ಟಿಕೆಟ್ ಬುಕ್ ಮಾಡದೆ ಕೂತವರನ್ನು, ಆಮೇಲೆ ಆ ಪೇಪರ್ ತುಣುಕು ಕತ್ತರಿಸಿದವರನ್ನು.

ನಮಗೆ ಬೇಕಾದದ್ದು ಏನು ಅಂತ ಹೇಳುತ್ತೇನೆ. ರೈಲಿನ ಪಾಲು ಅಂತ ನೀವೇ ಬಿಲ್ಲಿನಲ್ಲಿ ತೋರಿಸಿದ 36,000 ರೂಪಾಯಿ ಪೂರ್ತಿ ವಾಪಸ್ ಬರಬೇಕು. ರಾತ್ರಿ ರೈಲಿನ ಟಿಕೆಟ್ ದರ ಹಿಡಿದುಕೊಳ್ಳುತ್ತೇವೆ ಅಂತ ಹೇಳಬೇಡಿ, ಅದನ್ನು ನಾವು ಕೇಳಿರಲೇ ಇಲ್ಲ. ಹೋಟೆಲ್, ಬಸ್ಸು, ರೆಸಾರ್ಟಿನ ಹಣ ಕೇಳುತ್ತಿಲ್ಲ, ಅವನ್ನು ಬಳಸಿದ್ದೇವೆ. ಹಣದ ಜೊತೆಗೆ ಹಳೇ ಸುದ್ದಿಯನ್ನು ಹೊಸದು ಅಂತ ಕಳಿಸಿದ್ದು ತಪ್ಪು ಅಂತ ಒಂದು ಪತ್ರ ಬೇಕು, ದೊಡ್ಡಮ್ಮನ ಹೆಸರಿಗೆ. ನಿಮ್ಮ ಆಫೀಸಿನವರು "ಬೇಕಾದರೆ ಮುಂದಿನ ಟ್ರಿಪ್ಪಿಗೆ ಹತ್ತು ಪರ್ಸೆಂಟ್ ಕಮ್ಮಿ ಮಾಡ್ತೀವಿ" ಅಂದರು. ಬೇಡ. ಮುಂದಿನ ಸಲ ಬುಕಿಂಗ್ ತೆರೆದ ದಿನ ಬೆಳಿಗ್ಗೆ ನಾವೇ ಕೂತು ಸೀಟು ಹಿಡಿಯುತ್ತೇವೆ.

ಬುಕಿಂಗ್ ಫಾರಂನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ "ರೈಲು ಬದಲಾಯಿಸುವ ಹಕ್ಕು ಕಂಪನಿಗಿದೆ" ಅಂತ ಇದೆಯಂತೆ, ಆಫೀಸಿನವರು ತೋರಿಸಿದರು. ಇರಲಿ. ಸುಳ್ಳು ಕಾರಣ ಕೊಟ್ಟು ಬದಲಾಯಿಸುವ ಹಕ್ಕು ಇದೆ ಅಂತ ಅದರಲ್ಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ ಏನು ಹೇಳಿದೆ, ಸೇವೆಯಲ್ಲಿ ಕೊರತೆಯಾದರೆ ಏನು ಹೇಳಿದೆ ಅನ್ನುವುದನ್ನು ನಿಮ್ಮ ವಕೀಲರನ್ನು ಕೇಳಿ ನೋಡಿ. ನಿಮ್ಮ ಮುಖ್ಯ ಕಚೇರಿ ಬೆಂಗಳೂರಿನಲ್ಲಿದ್ದರೂ ಆ ಕಾಯ್ದೆಯ ಪ್ರಕಾರ ನಾನು ಇರುವ ಊರಿನಲ್ಲೇ, ಅಂದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ನಮ್ಮದರಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಕೋರ್ಟು ಕಚೇರಿ ಅಲೆಯುವ ಆಸೆ ನನಗೂ ಇಲ್ಲ, ಆದರೆ ಆಯೋಗಕ್ಕೆ ಮನೆಯಿಂದ ನಡೆದುಕೊಂಡೇ ಹೋಗಿಬರಬಹುದು.

ಈ ಪತ್ರ ತಲುಪಿ 15 ದಿನದೊಳಗೆ ಉತ್ತರ ಬರಬೇಕು, ಬರಹದಲ್ಲೇ ಬರಬೇಕು. ದಯವಿಟ್ಟು ಫೋನ್ ಮಾಡಿಸಬೇಡಿ. ರಸೀದಿ, ಬಿಲ್ಲು, ಕರಪತ್ರ, ತತ್ಕಾಲ್ ಟಿಕೆಟ್, ನೀವು ಕಳಿಸಿದ ತುಣುಕು, ಅದರ ಪಕ್ಕದಲ್ಲೇ ಆ ದಿನ ಹಗಲು ರೈಲು ಓಡಿದ್ದರ ಚಿತ್ರ, ಎಲ್ಲದರ ಪ್ರತಿ ಜೊತೆಗಿಟ್ಟಿದ್ದೇನೆ. ಹಣ ಯಾವ ಖಾತೆಯಿಂದ ಬಂದಿತ್ತೋ ಅದಕ್ಕೇ ಹಾಕಿ.

ಇಂತಿ,
ಶಿವಮೊಗ್ಗದ ನಿಮ್ಮ ಗ್ರಾಹಕ